ಕೆಂಪು ಮುಚ್ಚಳ, ಕಿತ್ತಳೆ ಮುಚ್ಚಳ

ಅಮ್ಮನನ್ನು ಆಸ್ಪತ್ರೆಗೆ ಸೇರಿಸಿ ಮೂರು ದಿನ ಆಗಿತ್ತು. ಹಳೆಯ ಸಕ್ಕರೆ ಕಾಯಿಲೆ, ಕಾಲಿನ ಗಾಯ ಕೀವಾಗಿತ್ತು. ರಾತ್ರಿ ಊಟಕ್ಕೆ ಮೊದಲು ಇನ್ಸುಲಿನ್ ಕೊಡಲು ಸಿಸ್ಟರ್ ಬಂದರು. ಬಾಟಲಿಗೆ ಸೂಜಿ ಚುಚ್ಚಿ ಔಷಧಿ ಎಳೆದರು, ಟ್ಯೂಬ್‌ಲೈಟಿನ ಕಡೆ ಎತ್ತಿ ಹಿಡಿದು ನೋಡಿದರು. ಒಂದು ಕ್ಷಣ ನಿಂತರು. "ಅಯ್ಯೋ, ಇದು ಆ ಸಿರಿಂಜ್ ಅಲ್ಲ" ಅಂತ ತಮಗೆ ತಾವೇ ಹೇಳಿಕೊಂಡು, ಅದನ್ನು ಟ್ರೇಗೆ ಹಾಕಿ, ಬೇರೆ ತರಲು ಹೋದರು. ಎರಡು ನಿಮಿಷದಲ್ಲಿ ಬಂದು ಸರಿಯಾದ ಇಂಜೆಕ್ಷನ್ ಕೊಟ್ಟರು. ಅಮ್ಮನಿಗೆ ಏನೂ ಆಗಲಿಲ್ಲ. ಅಮ್ಮನಿಗೆ ಗೊತ್ತೂ ಆಗಲಿಲ್ಲ.

ಆ ಎರಡು ನಿಮಿಷದ ಹಿಂದೆ ಏನಿತ್ತು ಅನ್ನುವುದು ನನಗೆ ಆಮೇಲೆ ಗೊತ್ತಾಯಿತು. ನಮ್ಮ ದೇಶದಲ್ಲಿ ಇನ್ಸುಲಿನ್ ಬಾಟಲಿ ಎರಡು ಗಾಢತೆಯಲ್ಲಿ ಸಿಗುತ್ತದೆ. ಒಂದರಲ್ಲಿ ಪ್ರತಿ ಮಿಲಿಲೀಟರಿಗೆ 40 ಯೂನಿಟ್, ಇನ್ನೊಂದರಲ್ಲಿ 100 ಯೂನಿಟ್. ಎರಡಕ್ಕೂ ಬೇರೆ ಬೇರೆ ಸಿರಿಂಜ್. 40ರದ್ದಕ್ಕೆ ಕೆಂಪು ಮುಚ್ಚಳ, 100ರದ್ದಕ್ಕೆ ಕಿತ್ತಳೆ ಮುಚ್ಚಳ. ಸಿರಿಂಜಿನ ಮೇಲಿನ ಗೀಟುಗಳು ಆಯಾ ಬಾಟಲಿಗೆ ಮಾತ್ರ ಸರಿ. 100ರ ಬಾಟಲಿಗೆ ಕೆಂಪು ಮುಚ್ಚಳದ ಸಿರಿಂಜ್ ಹಾಕಿ 20ರ ಗೀಟಿನವರೆಗೆ ಎಳೆದರೆ ಬರುವುದು ಅರ್ಧ ಮಿಲಿಲೀಟರ್, ಅಂದರೆ 50 ಯೂನಿಟ್. ಬರೆದಿದ್ದು 20, ಮೈಗೆ ಹೋಗುವುದು 50. ವಯಸ್ಸಾದವರಿಗೆ ರಾತ್ರಿ ನಿದ್ದೆಯಲ್ಲೇ ಸಕ್ಕರೆ ಕುಸಿದು ಪ್ರಜ್ಞೆ ತಪ್ಪಲು ಇಷ್ಟು ಸಾಕು. ಉಲ್ಟಾ ಆದರೆ, 40ರ ಬಾಟಲಿಗೆ ಕಿತ್ತಳೆ ಸಿರಿಂಜ್ ಆದರೆ, 20ರ ಬದಲು ಬರೀ 8 ಯೂನಿಟ್ ಹೋಗುತ್ತದೆ. ಬೆಳಿಗ್ಗೆ ಸಕ್ಕರೆ ಏಕೆ ಇಳಿದಿಲ್ಲ ಅಂತ ಡಾಕ್ಟರ್ ತಲೆ ಕೆಡಿಸಿಕೊಂಡು ಡೋಸ್ ಏರಿಸುತ್ತಾರೆ. ಮರುದಿನ ಯಾರೋ ಸರಿಯಾದ ಸಿರಿಂಜ್ ಹಿಡಿಯುತ್ತಾರೆ. ಆಗ ನಿಜವಾದ ಗಂಡಾಂತರ.

ಎರಡೂ ಸಿರಿಂಜ್ ಆ ವಾರ್ಡಿನಲ್ಲಿ ಒಂದೇ ಪ್ಲಾಸ್ಟಿಕ್ ಡಬ್ಬಿಯಲ್ಲಿ ಬಿದ್ದಿದ್ದವು. ಮಾರನೇ ದಿನ ನಾನೇ ನೋಡಿದೆ. ಯಾವ ಪುಣ್ಯಾತ್ಮರು ಹಾಗೆ ಸುರಿದಿದ್ದರೋ ಗೊತ್ತಿಲ್ಲ.

ಹೀಗೆ ಆಗಬೇಕಿದ್ದ ತಪ್ಪು ಕೊನೇ ಗಳಿಗೆಯಲ್ಲಿ ತಪ್ಪಿಹೋದರೆ, ಆಸ್ಪತ್ರೆಯವರ ಮಾತಿನಲ್ಲಿ ಅದು 'ನಿಯರ್ ಮಿಸ್'. ಕೂದಲೆಳೆಯಲ್ಲಿ ಪಾರಾದದ್ದು. ರೋಗಿಗಳ ಸುರಕ್ಷತೆಯ ಬಗ್ಗೆ ಕೆಲಸ ಮಾಡುವವರಿಗೆ ಇದು ಬಂಗಾರದಂಥ ಮಾಹಿತಿ. ಯಾರಿಗೂ ಪೆಟ್ಟಾಗದೆ, ಎಲ್ಲಿ ತೂತಿದೆ ಅಂತ ಗೊತ್ತಾಗುತ್ತದಲ್ವಾ? ಆದರೆ ಆ ಸಿಸ್ಟರ್ ಅದನ್ನು ಎಲ್ಲೂ ಬರೆಯಲಿಲ್ಲ. ಬರೆದಿದ್ದರೆ ಏನಾಗುತ್ತಿತ್ತು ಅಂತ ಅವರಿಗೆ ಚೆನ್ನಾಗಿ ಗೊತ್ತು. ಮೆಮೊ ಬರುತ್ತಿತ್ತು. ಇನ್‌ಚಾರ್ಜ್ ಸಿಸ್ಟರ್ ಎದುರು ನಿಂತು "ಗಮನ ಎಲ್ಲಿತ್ತು?" ಅನ್ನಿಸಿಕೊಳ್ಳಬೇಕಿತ್ತು. ಡಬ್ಬಿ ಮಾತ್ರ ಅಲ್ಲೇ ಇರುತ್ತಿತ್ತು.

ಎಮ್ಮೆ ಗದ್ದೆಗೆ ನುಗ್ಗುವ ದಾರಿ

ಹಳ್ಳಿಯಲ್ಲಿ ಬೆಳೆದವರಿಗೆ ಇದನ್ನು ಹೇಳುವುದು ಸುಲಭ. ರಾತ್ರಿ ಎಮ್ಮೆ ಬಿಚ್ಚಿಕೊಂಡು ಗದ್ದೆಗೆ ನುಗ್ಗಬೇಕಾದರೆ ಒಂದೇ ತಪ್ಪು ಸಾಲುವುದಿಲ್ಲ. ಹಗ್ಗ ಸವೆದಿರಬೇಕು. ಕೊಟ್ಟಿಗೆ ಬಾಗಿಲಿನ ಚಿಲಕ ಬಿಟ್ಟಿರಬೇಕು. ಅಂಗಳದ ತಡಿಕೆ ಸರಿದಿರಬೇಕು. ಗದ್ದೆಯ ಬೇಲಿಯಲ್ಲಿ ಕಂಡಿ ಇರಬೇಕು. ನಾಲ್ಕೂ ಒಂದೇ ರಾತ್ರಿ ಕೂಡಿಬಂದಾಗ ಪೈರು ಹೋಗುತ್ತದೆ. ಬೆಳಿಗ್ಗೆ ಬೈಸಿಕೊಳ್ಳುವವರು ಮಾತ್ರ ಕೊನೆಯದಾಗಿ ಕೊಟ್ಟಿಗೆಗೆ ಹೋಗಿದ್ದ ಒಬ್ಬರು.

ಬ್ರಿಟನ್ನಿನ ಮನಶ್ಶಾಸ್ತ್ರಜ್ಞ ಜೇಮ್ಸ್ ರೀಸನ್ ಹೇಳಿದ್ದು ಹೆಚ್ಚು ಕಡಿಮೆ ಇದನ್ನೇ. ಅವರು ತೂತು ತೂತಿನ ಚೀಸ್ ತುಂಡುಗಳ ಚಿತ್ರ ಕೊಟ್ಟರು. ನಮಗೆ ಎಮ್ಮೆ ಸಾಕು. ಆಸ್ಪತ್ರೆಯಲ್ಲಿ ಔಷಧಿ ಬರೆಯುವ ಡಾಕ್ಟರ್, ಕೊಡುವ ಫಾರ್ಮಸಿ, ಇಡುವ ಕಪಾಟು, ಎಳೆಯುವ ಸಿಸ್ಟರ್, ಕೊನೆಗೆ ಕೈ ಚಾಚುವ ರೋಗಿ, ಇವೆಲ್ಲ ಒಂದೊಂದು ಬಾಗಿಲು. ರೋಗಿಗೆ ಮುಂಚಿನ ಕೊನೆಯ ಬಾಗಿಲಲ್ಲಿ ನಿಂತವರು ಯಾವಾಗಲೂ ನರ್ಸ್. ಹಾಗಾಗಿ ತಪ್ಪಿಗೆ ಸಿಕ್ಕಿಬೀಳುವವರೂ ಅವರೇ.

ಇದಕ್ಕೆ ಒಂದು ಕಹಿ ಉದಾಹರಣೆ ಇದೆ. 2017ರ ಡಿಸೆಂಬರಿನಲ್ಲಿ ಅಮೆರಿಕದ ನ್ಯಾಶ್‌ವಿಲ್ ನಗರದ ದೊಡ್ಡ ಆಸ್ಪತ್ರೆಯೊಂದರಲ್ಲಿ 75 ವರ್ಷದ ಮಹಿಳೆಗೆ ಸ್ಕ್ಯಾನ್ ಮಾಡಬೇಕಿತ್ತು. ಇಕ್ಕಟ್ಟಿನ ಜಾಗ ಅಂದರೆ ಅವರಿಗೆ ಭಯ. ಮನಸ್ಸು ಶಾಂತವಾಗಲಿ ಅಂತ ಡಾಕ್ಟರ್ 'ವರ್ಸೆಡ್' ಬರೆದರು. ಔಷಧಿ ಇಡುವುದು ಕಂಪ್ಯೂಟರ್ ಕಪಾಟಿನಲ್ಲಿ. ಹೆಸರು ಟೈಪ್ ಮಾಡಿದರೆ ಅದರ ಖಾನೆ ತೆರೆಯುತ್ತದೆ. ನರ್ಸ್ ಬ್ರ್ಯಾಂಡ್ ಹೆಸರು ಹುಡುಕಿದರು, ಕಪಾಟಿನಲ್ಲಿ ಅದು ಇನ್ನೊಂದು ಹೆಸರಿನಲ್ಲಿತ್ತು. ಸಿಗದಾಗ ತುರ್ತಿನ ದಾರಿ ಬಳಸಿ ಇಂಗ್ಲಿಷಿನ ಮೊದಲ ಎರಡು ಅಕ್ಷರ, VE, ಒತ್ತಿದರು. ಅದೇ ಎರಡು ಅಕ್ಷರದಿಂದ ಶುರುವಾಗುವ 'ವೆಕ್ಯೂರೋನಿಯಂ' ಬಂತು. ಅದು ಆಪರೇಶನ್ ವೇಳೆ ಮಾಂಸಖಂಡಗಳನ್ನು ನಿಶ್ಚಲ ಮಾಡುವ ಔಷಧಿ. ಉಸಿರಾಟವೂ ನಿಲ್ಲುತ್ತದೆ. ಸ್ಕ್ಯಾನ್ ವಿಭಾಗದಲ್ಲಿ ಔಷಧಿಯನ್ನು ರೋಗಿಯ ಕೈಪಟ್ಟಿಯ ಜೊತೆ ತಾಳೆ ನೋಡುವ ಬಾರ್‌ಕೋಡ್ ಯಂತ್ರ ಇರಲಿಲ್ಲ. ಆ ದಿನ ನರ್ಸ್ ಜೊತೆಗೆ ಹೊಸಬರೊಬ್ಬರು ಕಲಿಯುತ್ತಿದ್ದರು, ಅವರಿಗೆ ಹೇಳಿಕೊಡುವುದೂ ಇವರ ಪಾಲಿಗೆ. ರೋಗಿ ತೀರಿಕೊಂಡರು.

ನರ್ಸ್ ತಾವೇ ತಪ್ಪು ಒಪ್ಪಿಕೊಂಡರು. ಅವರ ತಪ್ಪು ಸಣ್ಣದೇನಲ್ಲ. ಪುಡಿ ರೂಪದ ಔಷಧಿ, ಮುಚ್ಚಳದ ಮೇಲೇ ಎಚ್ಚರಿಕೆ ಬರೆದಿತ್ತು, ಅದನ್ನೂ ದಾಟಿ ಹೋದರು. ಕೊಟ್ಟ ಮೇಲೆ ರೋಗಿಯ ಬಳಿ ನಿಂತು ನೋಡಲೂ ಇಲ್ಲ. 2022ರಲ್ಲಿ ನ್ಯಾಯಾಲಯ ಅವರನ್ನು ಅಪರಾಧಿ ಎಂದಿತು. ಮೂರು ವರ್ಷ ನಿಗಾದಲ್ಲಿರುವ ಶಿಕ್ಷೆ ಆಯಿತು. ಕಪಾಟು ಎರಡೇ ಅಕ್ಷರಕ್ಕೆ ಅಷ್ಟು ಅಪಾಯಕಾರಿ ಔಷಧಿ ಕೊಟ್ಟಿದ್ದಕ್ಕೆ, ತುರ್ತಿನ ದಾರಿ ದಿನನಿತ್ಯದ ಅಭ್ಯಾಸ ಆಗಿಹೋಗಿದ್ದಕ್ಕೆ, ಆಸ್ಪತ್ರೆಯ ಮೇಲೆ ಕ್ರಿಮಿನಲ್ ಕೇಸ್ ಆಗಲಿಲ್ಲ. ಆಮೇಲೆ ಅಮೆರಿಕದ ಔಷಧ ಸುರಕ್ಷತಾ ತಜ್ಞರು ಒತ್ತಾಯಿಸಿದ್ದು ಒಂದು ಸರಳ ಬದಲಾವಣೆಗೆ: ಎರಡರ ಬದಲು ಕನಿಷ್ಠ ಐದು ಅಕ್ಷರ ಟೈಪ್ ಮಾಡಿದರೆ ಮಾತ್ರ ಔಷಧಿ ತೋರಿಸಲಿ. ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗೆ ಅನ್ನಬಹುದು. ಆದರೆ ಮುಂದಿನ ಊರಾದರೂ ಉಳಿಯುತ್ತದೆ.

ಆ ತೀರ್ಪಿನ ದಿನ ಜಗತ್ತಿನ ಎಷ್ಟೋ ನರ್ಸ್‌ಗಳು ಒಂದು ಪಾಠ ಕಲಿತರು: ತಪ್ಪಾದರೆ ಬಾಯಿಬಿಡಬೇಡ. ರೋಗಿಗಳಿಗೆ ಇದಕ್ಕಿಂತ ಅಪಾಯದ ಪಾಠ ಇನ್ನೊಂದಿಲ್ಲ ಅಂತ ನನಗನ್ನಿಸುತ್ತದೆ. ಬೇಕಂತಲೇ ನಿಯಮ ಮುರಿದವರಿಗೂ, ಎಲ್ಲರೂ ಜಾರುವ ಜಾಗದಲ್ಲಿ ಜಾರಿದವರಿಗೂ ಒಂದೇ ಶಿಕ್ಷೆ ಅಂದರೆ, ಜಾರುವ ಜಾಗ ಎಲ್ಲಿದೆ ಅಂತ ಯಾರೂ ತೋರಿಸುವುದಿಲ್ಲ.

ಒಬ್ಬರಿಗೆ ಎಷ್ಟು ಜನ

ಅಮ್ಮನ ವಾರ್ಡಿನಲ್ಲಿ ರಾತ್ರಿ ಇದ್ದದ್ದು ಇಬ್ಬರು ಸಿಸ್ಟರ್. ಹಾಸಿಗೆ 36. ಒಬ್ಬರು ಹೊಸ ಅಡ್ಮಿಷನ್ ಬಂದಾಗ ಅದರಲ್ಲೇ ಮುಳುಗುತ್ತಿದ್ದರು. ಉಳಿದದ್ದೆಲ್ಲ ಇನ್ನೊಬ್ಬರಿಗೆ.

ಭಾರತೀಯ ಶುಶ್ರೂಷಾ ಪರಿಷತ್ತಿನ ಲೆಕ್ಕ ಬೇರೆ ಇದೆ. ಬೋಧನಾ ಆಸ್ಪತ್ರೆಯ ಸಾಮಾನ್ಯ ವಾರ್ಡಿನಲ್ಲಿ ಮೂರು ರೋಗಿಗೆ ಒಬ್ಬ ನರ್ಸ್, ಉಳಿದ ಆಸ್ಪತ್ರೆಗಳಲ್ಲಿ ಐದಕ್ಕೆ ಒಬ್ಬರು. ರಜೆಗೆ ಹೋಗುವವರ ಬದಲಿಗೆ ಇನ್ನೂ 30 ಶೇಕಡಾ ಜಾಸ್ತಿ ಜನ. ಕಾಗದದ ಮೇಲೆ ಚೆನ್ನಾಗಿದೆ. ವಾರ್ಡಿನಲ್ಲಿ ಒಂದು ರಾತ್ರಿ ಕುಳಿತವರಿಗೆ ನಗು ಬರುತ್ತದೆ.

ಈ ಲೆಕ್ಕ ಸುಮ್ನೆ ನೌಕರರ ಅನುಕೂಲದ ಮಾತಲ್ಲ. ಲಿಂಡಾ ಐಕೆನ್ ಅನ್ನುವ ನರ್ಸಿಂಗ್ ಸಂಶೋಧಕಿ ಅಮೆರಿಕದ ಪೆನ್ಸಿಲ್ವೇನಿಯಾದ 168 ಆಸ್ಪತ್ರೆಗಳನ್ನು ನೋಡಿ 2002ರಲ್ಲಿ ಒಂದು ಸಂಗತಿ ಹೇಳಿದರು. ನರ್ಸ್ ಒಬ್ಬರ ಪಾಲಿಗೆ ಒಬ್ಬ ರೋಗಿ ಜಾಸ್ತಿ ಆದ ಹಾಗೆಲ್ಲ, ಆಪರೇಶನ್ ಆದ ರೋಗಿ 30 ದಿನದೊಳಗೆ ಸಾಯುವ ಸಂಭವ 7 ಶೇಕಡಾ ಏರುತ್ತಿತ್ತು. ಕ್ಯಾಲಿಫೋರ್ನಿಯಾ ರಾಜ್ಯ 1999ರಲ್ಲೇ ಕಾನೂನು ಮಾಡಿ, 2004ರಿಂದ ವಾರ್ಡಿನಲ್ಲಿ ಒಬ್ಬ ನರ್ಸಿಗೆ ಇಂತಿಷ್ಟೇ ರೋಗಿ ಅಂತ ಗೆರೆ ಎಳೆಯಿತು.

ಇನ್ನೊಂದು ಲೆಕ್ಕ ನನಗೆ ಇದಕ್ಕಿಂತ ಇಷ್ಟ. ಸಿಡ್ನಿಯ ಎರಡು ಆಸ್ಪತ್ರೆಗಳಲ್ಲಿ ಸಂಶೋಧಕರು ಔಷಧಿ ಕೊಡುವ 98 ನರ್ಸ್‌ಗಳ ಹಿಂದೆ ನಿಂತು ನೋಡಿದರು. ಔಷಧಿ ಕೊಡುವ ಮಧ್ಯೆ ಯಾರಾದರೂ ಒಂದು ಸಲ ಕರೆದು ಗಮನ ತಪ್ಪಿಸಿದರೆ, ತಪ್ಪುಗಳು ಸುಮಾರು 12 ಶೇಕಡಾ ಜಾಸ್ತಿ. 2010ರಲ್ಲಿ ಪ್ರಕಟವಾದ ಅಧ್ಯಯನ ಇದು. ಓದಿದಾಗ ನನಗೆ ನಾಚಿಕೆ ಆಯಿತು. ಟ್ರೇ ಹಿಡಿದು ಹೋಗುತ್ತಿದ್ದ ಸಿಸ್ಟರನ್ನು "ಸಿಸ್ಟರ್, ಡ್ರಿಪ್ ಮುಗೀತು ನೋಡಿ", "ಸಿಸ್ಟರ್, ಡಾಕ್ಟ್ರು ಎಷ್ಟೊತ್ತಿಗೆ ಬರ್ತಾರೆ" ಅಂತ ಕೂಗಿ ನಿಲ್ಲಿಸಿದವರಲ್ಲಿ ನಾನೂ ಒಬ್ಬ. ಕೆಲವು ದೇಶಗಳ ಆಸ್ಪತ್ರೆಗಳಲ್ಲಿ ಔಷಧಿ ಕೊಡುವ ಹೊತ್ತಿಗೆ ನರ್ಸ್ ಬಣ್ಣದ ಮೇಲಂಗಿ ತೊಡುತ್ತಾರೆ: ಈಗ ಮಾತಾಡಿಸಬೇಡಿ ಅಂತ. ನಮ್ಮಲ್ಲಿ ಆ ಮೇಲಂಗಿ ತೊಟ್ಟರೆ ಅದು ಏನು ಅಂತ ಕೇಳಲೆಂದೇ ಹತ್ತು ಜನ ಬರಬಹುದು, ಆ ಮಾತು ಬೇರೆ.

ರಾತ್ರಿ ಎರಡು ಗಂಟೆಯ ಫೋನ್

ಜನ ಸಾಕಷ್ಟಿದ್ದರೂ ಒಬ್ಬರಿಂದ ಒಬ್ಬರಿಗೆ ಮಾತು ದಾಟದಿದ್ದರೆ ರೋಗಿ ಕೆಡುತ್ತಾನೆ. ಡ್ಯೂಟಿ ಬದಲಾಗುವಾಗಿನ ಹ್ಯಾಂಡೋವರ್, ರಾತ್ರಿ ಡಾಕ್ಟರಿಗೆ ಮಾಡುವ ಫೋನ್, ಎರಡೂ ಅಂಥ ಜಾಗಗಳು. ಫೋನ್ ಸಾಮಾನ್ಯವಾಗಿ ಹೀಗಿರುತ್ತದೆ:

"ಸರ್, ಹನ್ನೆರಡನೇ ಬೆಡ್ ಪೇಷೆಂಟ್ ಯಾಕೋ ಸರಿ ಇಲ್ಲ ಸರ್."

"ಸರಿ ಇಲ್ಲ ಅಂದ್ರೆ? ಬಿಪಿ ಎಷ್ಟಿದೆ?"

"ನೋಡಿ ಹೇಳ್ತೀನಿ ಸರ್."

"ಯಾವ ಪೇಷೆಂಟ್ ಅದು? ಆಪರೇಶನ್ ಆದವರಾ?"

"ಕೇಸ್ ಶೀಟ್ ನೋಡ್ಬೇಕು ಸರ್, ನಾನು ಇವತ್ತೇ ಈ ವಾರ್ಡಿಗೆ ಬಂದಿರೋದು."

"ನೋಡ್ಕೊಳ್ಳಿ. ಜಾಸ್ತಿ ಆದ್ರೆ ಫೋನ್ ಮಾಡಿ."

ಇಲ್ಲಿ ಇಬ್ಬರದೂ ಕೆಟ್ಟ ಉದ್ದೇಶ ಅಲ್ಲ. ಸಿಸ್ಟರಿಗೆ ಏನೋ ಎಡವಟ್ಟು ಅಂತ ಒಳಗೇ ಗೊತ್ತಾಗಿದೆ, ಹೇಳಲು ಬರುತ್ತಿಲ್ಲ. ನಿದ್ದೆಗಣ್ಣಿನ ಡಾಕ್ಟರಿಗೆ ಏನು ಮಾಡಬೇಕು ಅಂತ ತಿಳಿಯುತ್ತಿಲ್ಲ. ಜೊತೆಗೆ ಹೆದರಿಕೆ. ಡಾಕ್ಟರಿಗೆ ಎದುರು ಹೇಳಬಾರದು, "ಬನ್ನಿ" ಅಂತ ಕೇಳಬಾರದು ಅಂತ ಕಾಲೇಜಿನ ದಿನದಿಂದ ಕಲಿತ ಪಾಠ.

ಇದಕ್ಕೆ ಪರಿಹಾರ ಬಂದದ್ದು ಆಸ್ಪತ್ರೆಯ ಹೊರಗಿನಿಂದ. ಅಮೆರಿಕದ ನೌಕಾಪಡೆಯ ಅಣುಶಕ್ತಿ ಜಲಾಂತರ್ಗಾಮಿಗಳಲ್ಲಿ ಕಿರಿಯರು ಹಿರಿಯರಿಗೆ ವಿಷಯ ಮುಟ್ಟಿಸಲು ಒಂದು ಕ್ರಮ ಇತ್ತು. ಕೈಸರ್ ಪರ್ಮನೆಂಟೆ ಅನ್ನುವ ಅಲ್ಲಿನ ಆಸ್ಪತ್ರೆಗಳ ಸಂಸ್ಥೆ ಅದನ್ನು ತನ್ನ ವಾರ್ಡುಗಳಿಗೆ ತಂದಿತು. 'ಎಸ್‌ಬಾರ್' ಅಂತ ಈಗ ನಮ್ಮ ನರ್ಸಿಂಗ್ ಕಾಲೇಜುಗಳಲ್ಲೂ ಕಲಿಸುತ್ತಾರೆ. ನಾಲ್ಕೇ ಮೆಟ್ಟಿಲು: ಈಗ ಏನಾಗಿದೆ, ಹಿಂದೆ ಏನಿತ್ತು, ನನಗೆ ಏನನ್ನಿಸುತ್ತದೆ, ನಿಮ್ಮಿಂದ ಏನು ಬೇಕು. ಅದೇ ಫೋನ್ ಆಗ ಹೀಗಾಗುತ್ತದೆ:

"ಸರ್, ಫೀಮೇಲ್ ಸರ್ಜಿಕಲ್ ವಾರ್ಡಿನಿಂದ ಸ್ಟಾಫ್ ನರ್ಸ್ ಮಾತಾಡ್ತಿದ್ದೀನಿ. ಹನ್ನೆರಡನೇ ಬೆಡ್. ಉಸಿರಾಟ 24, ಪಲ್ಸ್ 112, ಬಿಪಿ 98/60, ಸ್ಯಾಚುರೇಶನ್ 94, ಜ್ವರ 101. ನಿನ್ನೆ ಅಪೆಂಡಿಕ್ಸ್ ಆಪರೇಶನ್ ಆಗಿದೆ, ಸಂಜೆವರೆಗೂ ಆರಾಮಾಗಿದ್ರು. ಸೋಂಕು ಮೈಗೆಲ್ಲ ಏರ್ತಿದೆ ಅನ್ಸುತ್ತೆ ಸರ್. ನೀವು ಈಗ್ಲೇ ಬಂದು ನೋಡ್ಬೇಕು. ಅಷ್ಟರಲ್ಲಿ ಬ್ಲಡ್ ಕಲ್ಚರ್‌ಗೆ ತೆಗೀಲಾ?"

ಮೂರನೇ ಮೆಟ್ಟಿಲನ್ನು ಗಮನಿಸಿ. "ನನಗೆ ಹೀಗನ್ನಿಸುತ್ತದೆ" ಅಂತ ನರ್ಸ್ ಹೇಳಲು ಈ ಕ್ರಮ ಜಾಗ ಕೊಡುತ್ತದೆ. ಹೇಳು ಅಂತ ಒತ್ತಾಯವನ್ನೇ ಮಾಡುತ್ತದೆ. ಬರೀ ಅಂಕಿ ಒಪ್ಪಿಸುವ ಕೆಲಸದಿಂದ ಯೋಚಿಸುವ ಕೆಲಸಕ್ಕೆ ಇದೇ ದಾಟುವ ಸೇತುವೆ. ಕೇಳುವ ಡಾಕ್ಟರಿಗೂ ಇದೇ ಪಾಠ ಆಗಿರಬೇಕು. ಇಲ್ಲದಿದ್ದರೆ "ಏನನ್ನಿಸುತ್ತೆ ಅಂತ ನಿಮ್ಮನ್ನ ಕೇಳಿದ್ನಾ?" ಅನ್ನುವ ಒಂದೇ ಮಾತಿಗೆ ಆರು ತಿಂಗಳ ತರಬೇತಿ ನೀರುಪಾಲು.

ಫೋನಿನಲ್ಲಿ ಕೇಳಿದ ಔಷಧಿಯನ್ನು ಬರೆದುಕೊಂಡು ತಿರುಗಿ ಓದಿ ಹೇಳುವುದು ಇನ್ನೊಂದು ಸಣ್ಣ ಅಭ್ಯಾಸ. ಡೋಸ್ ಹೇಳುವುದು ಇಂಗ್ಲಿಷಿನಲ್ಲಿ. ಸರಿಯಾಗಿ ಕೇಳಿಸದ ಫೋನಿನಲ್ಲಿ ಫಿಫ್ಟೀನ್, ಫಿಫ್ಟಿ ಎರಡೂ ಒಂದೇ. ಹದಿನೈದು, ಐವತ್ತು ಅಂದಿದ್ದರೆ ಈ ತಾಪತ್ರಯ ಇರುತ್ತಿರಲಿಲ್ಲ.

ಮೇಲಿನ ಅಂಕಿಗಳನ್ನು ಇನ್ನೊಮ್ಮೆ ನೋಡಿ. ಒಂದೊಂದನ್ನೇ ನೋಡಿದರೆ ಯಾವುದೂ ಗಾಬರಿ ಹುಟ್ಟಿಸುವುದಿಲ್ಲ. ಬ್ರಿಟನ್ನಿನ ವೈದ್ಯರ ರಾಯಲ್ ಕಾಲೇಜು 2012ರಲ್ಲಿ ತಂದು 2017ರಲ್ಲಿ ತಿದ್ದಿದ, ರೋಗಿ ಎಷ್ಟು ಅಪಾಯದಲ್ಲಿದ್ದಾರೆ ಅಂತ ಅಂಕ ಹಾಕಿ ನೋಡುವ 'ನ್ಯೂಸ್' ಅನ್ನುವ ಪಟ್ಟಿ ಇದೆ. ಉಸಿರಾಟ 24ಕ್ಕೆ 2 ಅಂಕ. ಸ್ಯಾಚುರೇಶನ್, ಅಂದರೆ ರಕ್ತದ ಆಕ್ಸಿಜನ್ ಮಟ್ಟ, 94ಕ್ಕೆ 1. ಮೇಲಿನ ಬಿಪಿ 98ಕ್ಕೆ 2. ಪಲ್ಸ್ 112ಕ್ಕೆ 2. ಜ್ವರ 101ಕ್ಕೆ 1. ಎಚ್ಚರವಾಗಿ ಮಾತಾಡುತ್ತಿದ್ದಾರೆ, ಆಕ್ಸಿಜನ್ ಹಾಕಿಲ್ಲ, ಅದಕ್ಕೆ ಸೊನ್ನೆ. ಕೂಡಿದರೆ 8. ಆ ಪಟ್ಟಿಯಲ್ಲಿ 7 ಅಥವಾ ಅದಕ್ಕಿಂತ ಹೆಚ್ಚು ಬಂದರೆ ತುರ್ತು, ಹಿರಿಯ ಡಾಕ್ಟರ್ ತಕ್ಷಣ ಬರಬೇಕು. ನಿನ್ನೆ ಮೊನ್ನೆ ಕೆಲಸಕ್ಕೆ ಸೇರಿದ ನರ್ಸ್ ಕೂಡ ಬೆರಳು ಮಡಚಿ ಎಣಿಸಿ "ಎಂಟು ಇದೆ ಸರ್" ಅನ್ನಬಹುದು. ಅನುಭವ ಇಲ್ಲದವರ ಕೈಗೆ ಇದು ಊರುಗೋಲು.

ಒಂದೇ ತೊಡಕು ಉಸಿರಾಟದ ಲೆಕ್ಕ. ಬೇರೆಲ್ಲವನ್ನೂ ಯಂತ್ರ ತೋರಿಸುತ್ತದೆ. ಉಸಿರನ್ನು ಮಾತ್ರ ಎದೆ ನೋಡುತ್ತಾ ಒಂದು ನಿಮಿಷ ಎಣಿಸಬೇಕು. 36 ರೋಗಿಗೆ 36 ನಿಮಿಷ. ಎಲ್ಲಿಂದ ತರುತ್ತಾರೆ? ಹಾಗಾಗಿ ಎಷ್ಟೋ ಚಾರ್ಟುಗಳಲ್ಲಿ ಎಲ್ಲರೂ 18, 20ರಲ್ಲೇ ಉಸಿರಾಡುತ್ತಿರುತ್ತಾರೆ. ಅಮ್ಮನ ಚಾರ್ಟಿನಲ್ಲಿ ಏಳೂ ದಿನ 20.

ಚೀಟಿಯ ಕಥೆ

ಚೆಕ್‌ಲಿಸ್ಟ್, ಅಂದರೆ ಮಾಡಬೇಕಾದ ಕೆಲಸಗಳಿಗೆ ಒಂದೊಂದಾಗಿ ಟಿಕ್ ಹಾಕುವ ಚೀಟಿಯ ವಿಷಯಕ್ಕೆ ಬಂದರೆ ಉತ್ಸಾಹ ಮತ್ತು ನಿರಾಸೆ ಎರಡೂ ಇವೆ. ಉತ್ಸಾಹದಲ್ಲಿ ಕರ್ನಾಟಕದ ಪಾಲೂ ಇದೆ.

ವಿಶ್ವ ಆರೋಗ್ಯ ಸಂಸ್ಥೆ ಆಪರೇಶನ್ ಥಿಯೇಟರಿಗಾಗಿ (ಓಟಿ) 19 ಸಾಲಿನ ಚೀಟಿ ಮಾಡಿ, ದೆಹಲಿಯೂ ಸೇರಿ ಎಂಟು ನಗರಗಳ ಎಂಟು ಆಸ್ಪತ್ರೆಗಳಲ್ಲಿ ನೋಡಿತು. 2009ರಲ್ಲಿ ಬಂದ ಫಲಿತಾಂಶ ಇದು: ಆಪರೇಶನ್ ನಂತರದ ಸಾವು 1.5 ಶೇಕಡಾದಿಂದ 0.8ಕ್ಕೆ ಇಳಿಯಿತು. ಆ ಚೀಟಿಯಲ್ಲಿ ಒಂದು ಸಾಲು ಬಹಳ ಜನರಿಗೆ ತಮಾಷೆ ಅನ್ನಿಸಿತ್ತು. ಓಟಿಯಲ್ಲಿರುವ ಪ್ರತಿಯೊಬ್ಬರೂ ತಮ್ಮ ಹೆಸರು, ಕೆಲಸ ಹೇಳಬೇಕು ಅಂತ. ಒಂದು ಸಲ ಬಾಯಿ ಬಿಟ್ಟವರು ಮುಂದೆ ತಪ್ಪು ಕಂಡಾಗಲೂ ಬಾಯಿ ಬಿಡುತ್ತಾರೆ, ಅದು ಅದರ ಗುಟ್ಟು. ಆದರೆ ಕೆನಡಾದ ಒಂಟಾರಿಯೊದಲ್ಲಿ ಇಂಥದೇ ಚೀಟಿಯನ್ನು ಎಷ್ಟು ಬಳಸುತ್ತಿದ್ದೀರಿ ಅಂತ ಲೆಕ್ಕ ಕೊಡುವುದನ್ನು ಸರ್ಕಾರ ಆಸ್ಪತ್ರೆಗಳಿಗೆ ಕಡ್ಡಾಯ ಮಾಡಿತು. 2014ರಲ್ಲಿ ಪ್ರಕಟವಾದ, 101 ಆಸ್ಪತ್ರೆಗಳ ಅಧ್ಯಯನದಲ್ಲಿ ಸಾವಿನ ಪ್ರಮಾಣದಲ್ಲಿ ಹೇಳಿಕೊಳ್ಳುವಂಥ ಬದಲಾವಣೆ ಇರಲಿಲ್ಲ. ಚೀಟಿ ಹೆಚ್ಚು ಕಡಿಮೆ ಅದೇ. ಟಿಕ್ ಹಾಕುವ ಮನಸ್ಸು ಬೇರೆ.

ಚೀಟಿ ಕೆಲಸ ಮಾಡಿದ ಜಾಗ ಒಂದಿದೆ. ಅಮೆರಿಕದ ಮಿಷಿಗನ್ ರಾಜ್ಯದ ನೂರಕ್ಕೂ ಹೆಚ್ಚು ಐಸಿಯುಗಳಲ್ಲಿ ದೊಡ್ಡ ರಕ್ತನಾಳಕ್ಕೆ ಹಾಕುವ ನಳಿಕೆಯಿಂದ ಬರುವ ಸೋಂಕನ್ನು ತಡೆಯಲು ಡಾಕ್ಟರ್ ಪೀಟರ್ ಪ್ರೊನೊವೊಸ್ಟ್ ತಂಡ ಐದು ಸಾಲು ಮಾಡಿತು. ಕೈ ತೊಳೆಯಿರಿ ಅನ್ನುವಷ್ಟು ಸಾದಾ ಸಾಲುಗಳು. ಜೊತೆಗೆ ನರ್ಸ್‌ಗೆ ಒಂದು ಅಧಿಕಾರ: ಡಾಕ್ಟರ್ ಒಂದು ಹೆಜ್ಜೆ ಬಿಟ್ಟರೂ ಅಲ್ಲೇ ನಿಲ್ಲಿಸಬಹುದು, ಮೇಲಿನವರು ನರ್ಸ್ ಕಡೆ ನಿಲ್ಲುತ್ತಾರೆ. 2006ರ ವರದಿಯ ಪ್ರಕಾರ ಮೂರು ತಿಂಗಳಲ್ಲೇ ಅರ್ಧಕ್ಕಿಂತ ಹೆಚ್ಚು ಐಸಿಯುಗಳಲ್ಲಿ ಈ ಸೋಂಕು ಸೊನ್ನೆಗೆ ಇಳಿದಿತ್ತು. ಎಲ್ಲರೂ ಐದು ಸಾಲನ್ನು ನಕಲು ಮಾಡಿದರು. ಆ ಅಧಿಕಾರವನ್ನು ನಕಲು ಮಾಡಿದವರು ಕಡಿಮೆ.

ಇನ್ನು ನಮ್ಮ ಮನೆ ಕಥೆ. ಹೆರಿಗೆ ಕೋಣೆಗಾಗಿ 29 ಕೆಲಸಗಳ ಚೀಟಿಯೊಂದನ್ನು ವಿಶ್ವ ಆರೋಗ್ಯ ಸಂಸ್ಥೆ ರೂಪಿಸಿದಾಗ, ಅದನ್ನು ಮೊದಲು ಪರೀಕ್ಷಿಸಿದ ಜಾಗಗಳಲ್ಲಿ ಕರ್ನಾಟಕದ ಗ್ರಾಮೀಣ ಭಾಗದ ಒಂದು ಹೆರಿಗೆ ಕೇಂದ್ರವೂ ಇತ್ತು. ಚೀಟಿ ಬರುವ ಮೊದಲು ಪ್ರತಿ ಹೆರಿಗೆಗೆ ಸರಾಸರಿ 10 ಕೆಲಸ ಆಗುತ್ತಿದ್ದವು. ಬಂದ ಮೇಲೆ 25. ಕೈ ತೊಳೆಯುವುದು, ಬಿಪಿ ನೋಡುವುದು, ರಕ್ತಸ್ರಾವ ತಡೆಯುವ ಇಂಜೆಕ್ಷನ್ ಮೊದಲೇ ತಯಾರಿಟ್ಟುಕೊಳ್ಳುವುದು, ಇಂಥವು. 2012ರಲ್ಲಿ ಇದು ಪ್ರಕಟವಾದಾಗ ಎಲ್ಲರಿಗೂ ಖುಷಿಯೋ ಖುಷಿ.

ಅದೇ ಹುಮ್ಮಸ್ಸಿನಲ್ಲಿ ಉತ್ತರ ಪ್ರದೇಶದ 120 ಆರೋಗ್ಯ ಕೇಂದ್ರಗಳಲ್ಲಿ ದೊಡ್ಡ ಪ್ರಯೋಗ ನಡೆಯಿತು. ಅರ್ಧದಷ್ಟಕ್ಕೆ ಚೀಟಿ, ಜೊತೆಗೆ ಎಂಟು ತಿಂಗಳು ಹೇಳಿಕೊಡಲು ಬರುವ ನರ್ಸ್‌ಗಳು. ಉಳಿದರ್ಧ ಎಂದಿನಂತೆ. ಒಂದೂವರೆ ಲಕ್ಷಕ್ಕೂ ಹೆಚ್ಚು ಹೆರಿಗೆಗಳ ಲೆಕ್ಕ. ಎರಡು ತಿಂಗಳಾದಾಗ ಚೀಟಿ ಇದ್ದ ಕಡೆ 73 ಶೇಕಡಾ ಕೆಲಸ ಸರಿಯಾಗಿ ಆಗುತ್ತಿತ್ತು, ಇಲ್ಲದ ಕಡೆ 42. ಹೇಳಿಕೊಡುವವರು ಬರುವುದು ನಿಂತ ಮೇಲೆ, ವರ್ಷ ತುಂಬುವಾಗ, 73 ಇದ್ದದ್ದು 62ಕ್ಕೆ ಇಳಿದಿತ್ತು. ತಾಯಿ ಮಗುವಿನ ಸಾವು, ತೊಡಕುಗಳಲ್ಲಿ ಎರಡೂ ಕಡೆ ವ್ಯತ್ಯಾಸವೇ ಇರಲಿಲ್ಲ. 2017ರ ಕೊನೆಯಲ್ಲಿ ಈ ಫಲಿತಾಂಶ ಬಂತು. ಚೀಟಿಗೆ ಜೈಕಾರ ಹಾಕಿದ್ದವರು ಸುಮ್ಮನಾದರು.

ನನಗೆ ಈ ಸೋಲು ಮೊದಲಿನ ಗೆಲುವಿಗಿಂತ ಜಾಸ್ತಿ ಕಲಿಸಿತು. ಕೆಲಸ ಸುಧಾರಿಸಿದ್ದು ನಿಜ. ಆದರೆ ಮಗುವಿಗೆ ಉಸಿರಾಟದ ತೊಂದರೆ ಬಂದಾಗ ಕಳಿಸಲು ಒಳ್ಳೆಯ ಆಸ್ಪತ್ರೆ ಬೇಕು, ರಕ್ತ ಬೇಕು, ಮಗುವಿಗೆ ಉಸಿರು ಊದುವ ಬ್ಯಾಗ್ ಮತ್ತು ಮಾಸ್ಕ್ ಹಿಡಿಯುವ ಕೈಚಳಕ ಬೇಕು. ಕೈಚಳಕ ಟಿಕ್ ಹಾಕಿದರೆ ಬರುವುದಿಲ್ಲ. ಬಾಗಿಲುಗಳ ಪೈಕಿ ಒಂದನ್ನು ಭದ್ರ ಮಾಡಿ ಉಳಿದವನ್ನು ಹಾಗೇ ಬಿಟ್ಟರೆ ಎಮ್ಮೆಗೇನು ಕಷ್ಟ?

ಪಕ್ಕದಲ್ಲಿ ನಿಲ್ಲುವವರು

ಹೆಚ್ಚು ಕಡಿಮೆ ಅದೇ ಕಾಲದಲ್ಲಿ ಉತ್ತರ ಕರ್ನಾಟಕದಲ್ಲಿ ಬೇರೊಂದು ಕೆಲಸ ನಡೆದಿತ್ತು. 'ಸುಕ್ಷೇಮ' ಯೋಜನೆ. ಕರ್ನಾಟಕ ಹೆಲ್ತ್ ಪ್ರಮೋಷನ್ ಟ್ರಸ್ಟ್, ಬೆಂಗಳೂರಿನ ಸೇಂಟ್ ಜಾನ್ಸ್, ಕೆನಡಾದ ಮ್ಯಾನಿಟೋಬಾ ವಿಶ್ವವಿದ್ಯಾಲಯ ಮುಂತಾದವರು ಸೇರಿದ್ದರು. ಬಾಗಲಕೋಟೆ, ವಿಜಯಪುರ, ಬೀದರ, ಕಲಬುರಗಿ, ಕೊಪ್ಪಳ, ಬಳ್ಳಾರಿ, ರಾಯಚೂರು, ಯಾದಗಿರಿ ಜಿಲ್ಲೆಗಳು. ಅಲ್ಲಿನ ಪ್ರಾಥಮಿಕ ಆರೋಗ್ಯ ಕೇಂದ್ರಗಳ ಸ್ಟಾಫ್ ನರ್ಸ್‌ಗಳು ತರಬೇತಿ ಇಲ್ಲದವರಲ್ಲ. ಜಿಲ್ಲಾ ಕೇಂದ್ರಕ್ಕೆ ಹೋಗಿ, ಸಭಾಂಗಣದಲ್ಲಿ ಕೂತು, ಪಿಪಿಟಿ ನೋಡಿ, ಊಟ ಮಾಡಿ, ಸರ್ಟಿಫಿಕೇಟ್ ತಂದವರೇ. ಮರಳಿ ಬಂದು ಒಂಟಿಯಾಗಿ ರಾತ್ರಿ ಹೆರಿಗೆ ಮಾಡಿಸುವಾಗ ಆ ಪಿಪಿಟಿ ಎಲ್ಲಿರುತ್ತದೆ?

ಈ ಯೋಜನೆಯಲ್ಲಿ ನರ್ಸ್‌ಗಳನ್ನೇ ಆರಿಸಿ, ಕೆಲವು ವಾರ ಗಟ್ಟಿಯಾಗಿ ಕಲಿಸಿ, ಮೆಂಟರ್ ಮಾಡಿದರು. ಒಬ್ಬೊಬ್ಬರಿಗೆ ಐದಾರು ಕೇಂದ್ರ. ಅವರು ಅಲ್ಲಿಗೇ ಹೋಗಿ ಎರಡು ಮೂರು ದಿನ ಇದ್ದು, ಲೇಬರ್ ರೂಮಿನಲ್ಲಿ ಪಕ್ಕದಲ್ಲಿ ನಿಂತು, ಮತ್ತೆ ಕೆಲವು ವಾರಕ್ಕೆ ಮರಳಿ ಬರುತ್ತಿದ್ದರು. ಅವರು ತಪಾಸಣೆಗೆ ಬಂದ ಸಾಹೇಬರಲ್ಲ. ಹೆರಿಗೆಯ ಕೇಸ್ ಶೀಟನ್ನೇ ಬದಲಿಸಿ, ತುಂಬುತ್ತಾ ಹೋದರೆ ಮುಂದೇನು ಮಾಡಬೇಕು ಅಂತ ಅದೇ ನೆನಪಿಸುವ ಹಾಗೆ ಮಾಡಿದರು. ಬಳ್ಳಾರಿ ಮತ್ತು ಕಲಬುರಗಿಯ 108 ಕೇಂದ್ರಗಳಲ್ಲಿ ಅರ್ಧಕ್ಕೆ ಮೆಂಟರ್ ಕೊಟ್ಟು, ಅರ್ಧಕ್ಕೆ ಕೊಡದೆ ಹೋಲಿಸಿ ನೋಡಿದರು. ಮೆಂಟರ್ ಹೋದ ಕಡೆ ನರ್ಸ್‌ಗಳ ತಿಳಿವಳಿಕೆ, ಔಷಧಿ ಸಲಕರಣೆಗಳ ತಯಾರಿ, ತೊಡಕನ್ನು ಗುರುತಿಸುವುದು ಎಲ್ಲ ಮೇಲಾಗಿತ್ತು. ಸಾವು ಎಷ್ಟು ಇಳಿಯಿತು ಅಂತ ಅಳೆಯುವಷ್ಟು ದೊಡ್ಡ ಪ್ರಯೋಗ ಅದಲ್ಲ. ಹಾಗಾಗಿ ಜಾದೂ ಅಂತ ನಾನು ಹೇಳುವುದಿಲ್ಲ.

ಕೈಕೆಲಸ ಕಲಿಯುವ ರೀತಿ ನಮಗೆ ಹೊಸದೇನಲ್ಲ. ಕಮ್ಮಾರನ ಮಗ ತಿದಿ ಒತ್ತುತ್ತಾ ಕಲಿತ. ಸೂಲಗಿತ್ತಿ ಅಜ್ಜಿ ಸೊಸೆಯನ್ನು ಜೊತೆಗೆ ಕರೆದೊಯ್ದು ಕಲಿಸಿದಳು. ನರ್ಸಿಂಗ್‌ನಲ್ಲೂ ಹೊಸಬರನ್ನು ಮೊದಲ ಮೂರು ತಿಂಗಳು ಅನುಭವಿಯೊಬ್ಬರ ಜೋಡಿ ಹಾಕಬೇಕು, ಆ ಅನುಭವಿಯ ರೋಗಿಗಳ ಸಂಖ್ಯೆ ಅಷ್ಟು ದಿನ ಇಳಿಸಬೇಕು. ಎರಡನೆಯದನ್ನು ಯಾರೂ ಮಾಡುವುದಿಲ್ಲ. ನ್ಯಾಶ್‌ವಿಲ್‌ನಲ್ಲೂ ಅಂದು ಕಲಿಸುವ ಕೆಲಸ ಉಳಿದ ಕೆಲಸದ ಮೇಲೆ ಹೇರಿದ ಮೂಟೆಯೇ ಆಗಿತ್ತು.

ಬೆಂಗಳೂರಿನ ಆಸ್ಪತ್ರೆಗಳಿಗೆ ಒಂದು ಮಾತು ಸೇರಿಸಬೇಕು. ಅಲ್ಲಿ ಕೇರಳದಿಂದ, ಈಶಾನ್ಯದಿಂದ ಬಂದ ಸಿಸ್ಟರ್‌ಗಳು ಬಹಳ. ಶ್ರದ್ಧೆಯ ಜನ. ಅವರ ಮೊದಲ ವಾರದ ತರಬೇತಿಯಲ್ಲಿ ಬೆಂಕಿ ಆರಿಸುವುದರಿಂದ ಹಿಡಿದು ರಜೆ ಅರ್ಜಿಯವರೆಗೆ ಎಲ್ಲ ಇರುತ್ತದೆ. "ಸಂಕಟ ಆಗ್ತಿದೆ", "ದಮ್ಮು ಕಟ್ತಿದೆ", "ಹೊಟ್ಟೆ ತೊಳಸ್ತಿದೆ", "ಎದೆ ಹಿಡ್ಕೊಂಡಂಗಿದೆ" ಅಂದರೆ ಏನು ಅಂತ ಕಲಿಸುವ ಒಂದು ಗಂಟೆ ಇರುವುದಿಲ್ಲ. ಚಾಮರಾಜನಗರದ ಅಜ್ಜಿ "ಸಂಕಟ" ಅಂದದ್ದನ್ನು ಬೇಜಾರು ಅಂತ ತಿಳಿದರೆ, ಹೃದಯಾಘಾತ ಬೆಳಗಿನವರೆಗೆ ಕಾಯುವುದಿಲ್ಲ.

ಐದನೇ ದಿನ ಧೈರ್ಯ ಮಾಡಿ ಇನ್‌ಚಾರ್ಜ್ ಸಿಸ್ಟರ್ ಹತ್ತಿರ ಆ ಡಬ್ಬಿಯ ವಿಷಯ ಎತ್ತಿದೆ. ರಾತ್ರಿಯ ಸಿಸ್ಟರ್ ಬಗ್ಗೆ ಬಾಯಿ ಬಿಡಲಿಲ್ಲ. "ಮೇಡಂ, ಎರಡೂ ಸಿರಿಂಜ್ ಒಂದರಲ್ಲೇ ಇದೆಯಲ್ವಾ, ತಪ್ಪಾಗಲ್ವಾ?" ಅಂದೆ. ಅವರು ನನ್ನನ್ನು ಒಂದು ಗಳಿಗೆ ನೋಡಿದರು. "ಸ್ಟೋರಿನಿಂದ ಡಬ್ಬಿ ಕೇಳಿ ತಿಂಗಳಾಯ್ತಪ್ಪಾ" ಅಂದರು.

ಡಿಸ್ಚಾರ್ಜ್ ದಿನ ನೋಡಿದರೆ ಟೇಬಲ್ ಮೇಲೆ ಎರಡು ಹಳೆಯ ಸ್ವೀಟ್ ಬಾಕ್ಸ್. ಒಂದಕ್ಕೆ ಕೆಂಪು ಟೇಪು, 40 ಅಂತ ದೊಡ್ಡದಾಗಿ ಬರೆದಿತ್ತು. ಇನ್ನೊಂದಕ್ಕೆ ಕಿತ್ತಳೆ ಟೇಪು ಸಿಕ್ಕಿಲ್ಲವೇನೋ, ಸ್ಕೆಚ್ ಪೆನ್ನಿನಲ್ಲಿ ಬಳಿದು 100 ಅಂತ ಬರೆದಿದ್ದರು. ಬಿಲ್ ಕಟ್ಟಲು ಹೋಗುವ ದಾರಿಯಲ್ಲಿ ಪಕ್ಕದ ವಾರ್ಡಿನೊಳಗೂ ಇಣುಕಿದೆ. ಅಲ್ಲಿ ಇನ್ನೂ ಒಂದೇ ಡಬ್ಬಿ ಇತ್ತು.